ತಾತನ ಕೈಗೆ ಬಂದ ಹಲ್ಲು

ಊಟವಾಗಿ ಹಲ್ಲುಜ್ಜುವ ಹೊತ್ತು ಬಂತೆಂದರೆ ಜೀರುಂಡೆಯ ಬಾಯಿಗೆ ಬೀಗ ಬೀಳುತ್ತಿತ್ತು. ಉಳಿದ ಹೊತ್ತಿನಲ್ಲಿ ಆ ಬಾಯಿ ಮುಚ್ಚಿದ್ದನ್ನು ಡೇಕೇರಿನಲ್ಲಿ ಯಾರೂ ಕಂಡಿರಲಿಲ್ಲ. ನಾಲ್ಕು ವರ್ಷದ ಹುಡುಗಿ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಶುರುವಾದ ಮಾತು ಮಧ್ಯಾಹ್ನ ನಿದ್ದೆ ಹತ್ತುವವರೆಗೂ ನಿಲ್ಲುತ್ತಿರಲಿಲ್ಲ. ಅದಕ್ಕೇ ಆ ಅಡ್ಡಹೆಸರು.

ಟೀಚರನ್ನು ಮಕ್ಕಳೆಲ್ಲ ಅಕ್ಕ ಎನ್ನುತ್ತಿದ್ದರು. ಗಿಡ್ಡ ಸಿಂಕಿನ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಟಾಣಿಯಷ್ಟು ಪೇಸ್ಟ್ ಹಾಕಿಕೊಡುವಾಗ ಅಕ್ಕನ ಕಣ್ಣು ಜೀರುಂಡೆಯ ಮೇಲೆಯೇ ಇರುತ್ತಿತ್ತು. ಮೊನ್ನೆಮೊನ್ನೆಯವರೆಗೂ ಚೆನ್ನಾಗಿ ಉಜ್ಜುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಏನಾಯಿತು? ಬಾಯಲ್ಲಿ ಹುಣ್ಣಿಲ್ಲ, ವಸಡು ಊದಿಲ್ಲ. ಪೇಸ್ಟ್ ಬದಲಾಯಿಸಿದ್ದಾಯಿತು, ಮುದ್ದು ಮಾಡಿದ್ದಾಯಿತು. ಜಪ್ಪಯ್ಯ ಅಂದರೂ ತುಟಿ ಬಿಚ್ಚಲಿಲ್ಲ.

"ಮನೇಲೂ ಇದೇ ಗೋಳು," ಎಂದಳು ಅವಳ ಅಮ್ಮ. "ಕೇಳಿದ್ರೆ ಬಾಯಿಗೆ ಕೈ ಅಡ್ಡ ಇಟ್ಕೊಂಡು ಓಡ್ತಾಳೆ."

ಒತ್ತಾಯ ಮಾಡಿದರೆ ಇದು ಬಗೆಹರಿಯುವುದಿಲ್ಲ ಎನ್ನಿಸಿತು ಅಕ್ಕನಿಗೆ. ಮರುದಿನ ತನ್ನದೇ ಬ್ರಶ್ ತಂದು, ಜೀರುಂಡೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಉಜ್ಜತೊಡಗಿದಳು. ಹುಡುಗಿ ಹತ್ತಿರ ಬಂದಳು. ಎರಡೂ ಅಂಗೈ ಜೋಡಿಸಿ ಅಕ್ಕನ ಗಲ್ಲದ ಕೆಳಗೆ ಹಿಡಿದಳು.

"ಯಾಕೆ ಹೀಗೆ ಹಿಡ್ಕೊಂಡಿದೀಯ?"

"ಬಿದ್ರೆ ಹಿಡ್ಕೊಳ್ಳಕ್ಕೆ."

"ಏನು ಬೀಳುತ್ತೆ?"

"ಹಲ್ಲು," ಎಂದಳು ಜೀರುಂಡೆ, ಅಷ್ಟೂ ಗೊತ್ತಿಲ್ಲವೇ ಎನ್ನುವಂತೆ. ಆಮೇಲೆ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಉಜ್ಜಿದ್ರೆ ಎಲ್ಲಾ ಒಟ್ಟಿಗೇ ಕೈಗೆ ಬರುತ್ತೆ. ತಾತಂಗೆ ಬಂತಲ್ಲ! ಬಾಯಿ ಖಾಲಿ ಚೀಲದ ಥರ ಆಗೋಯ್ತು. ಬಾಗಿಲ ಸಂದಿಯಿಂದ ನೋಡ್ದೆ."

ಅಕ್ಕನಿಗೆ ನಗು ಉಕ್ಕಿ ಬಂತು, ಪೇಸ್ಟಿನ ನೊರೆಯೊಂದಿಗೆ ನುಂಗಿಕೊಂಡಳು. ಮಗು ಇಷ್ಟು ದಿನ ಈ ಹೆದರಿಕೆಯನ್ನು ತಾನೊಂದೇ ಹೊತ್ತುಕೊಂಡಿತ್ತಲ್ಲ ಎನ್ನಿಸಿದಾಗ ನಗು ಅಲ್ಲೇ ಇಂಗಿತು.

ತಾತ ಮಗನ ಮನೆಗೆ ಬಂದು ಸೇರಿ ಸ್ವಲ್ಪ ದಿನವಾಗಿತ್ತು. ಸಂಜೆ ಮೊಮ್ಮಗಳನ್ನು ಕರೆದೊಯ್ಯಲು ಅವರೇ ಬರುತ್ತಿದ್ದರು: ಇಸ್ತ್ರಿ ಮಾಡಿದ ಅಂಗಿ, ಒಪ್ಪವಾಗಿ ಬಾಚಿದ ಕೂದಲು, ಮುತ್ತಿನಂಥ ಹಲ್ಲು. ಅಕ್ಕ ಅವರನ್ನು ಚಪ್ಪಲಿ ಸ್ಟ್ಯಾಂಡಿನ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ವಿಷಯ ಹೇಳಿದಳು. ತಾತನ ಮುಖ ಕೆಂಪಾಯಿತು.

"ಕಟ್ಟಿಸಿದ ಹಲ್ಲು ಅಂತ ಸೊಸೆಗೂ ಗೊತ್ತಿಲ್ಲಮ್ಮ. ಬಾಗಿಲು ಹಾಕ್ಕೊಂಡೇ ತೊಳೀತಿದ್ದೆ."

"ನೀವೇ ಒಂದ್ಸಲ ತೋರ್ಸಿ ಹೇಳಿದ್ರೆ ನಂಬ್ತಾಳೆ. ನಾನು ಹೇಳಿದ್ರೆ ನಂಬಲ್ಲ."

"ನೋಡೋಣ," ಎಂದು ಅವರು ಮೊಮ್ಮಗಳ ಕೈ ಹಿಡಿದು ಸರಸರ ಹೊರಟರು. ಇನ್ನು ಇವರು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಳು ಅಕ್ಕ.

ಆದರೆ ಮರುದಿನ ಊಟದ ಹೊತ್ತಿಗೇ ತಾತ ಹಾಜರು. ಪುಟ್ಟ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂತು, ಒಮ್ಮೆ ಕೆಮ್ಮಿ, ಹಲ್ಲಿನ ಸೆಟ್ ತೆಗೆದು ಅಂಗೈ ಮೇಲಿಟ್ಟರು. ಮರುಕ್ಷಣ ಮಕ್ಕಳೆಲ್ಲ ಮೈಮೇಲೆ ಬಿದ್ದರು.

"ನೋವಾಗಲ್ವಾ ತಾತ?"

"ಅದು ಕಚ್ಚುತ್ತಾ?"

"ನಿಮ್ಮ ಹಲ್ಲು ಎಲ್ಲಿ ಹೋಯ್ತು?"

ತಾತ ಸೆಟ್ ಹಾಕಿಕೊಂಡು ಹೇಳಿದರು: "ಚಿಕ್ಕೋನಿದ್ದಾಗ ಬ್ರಶ್ ಬರೀ ಒದ್ದೆ ಮಾಡಿ ಅಮ್ಮಂಗೆ ತೋರಿಸ್ತಿದ್ದೆ. ಉಜ್ತಾನೇ ಇರ್ಲಿಲ್ಲ. ಹಲ್ಲೆಲ್ಲ ಹುಳುಕಾಗಿ ಉದುರಿಹೋದ್ವು. ಇವು ಡಾಕ್ಟ್ರು ಮಾಡಿಕೊಟ್ಟಿದ್ದು. ಉಜ್ಜಿದ್ದಕ್ಕೆ ಬಂದಿದ್ದಲ್ಲ ಪುಟ್ಟಿ, ಉಜ್ಜದೇ ಇದ್ದಿದ್ದಕ್ಕೆ ಬಂದಿದ್ದು."

ಜೀರುಂಡೆ ತನ್ನ ಮುಂದಿನ ಹಲ್ಲನ್ನು ಹಿಡಿದು ಎಳೆದಳು. ಅಲುಗಾಡಲಿಲ್ಲ. ಇನ್ನೂ ಜೋರಾಗಿ ಎಳೆದಳು.

"ನಂದು ಗಟ್ಟಿಯಾಗಿದೆ ಅಕ್ಕಾ!" ಎಂದು ಕೂಗಿ ಸಿಂಕಿನತ್ತ ಓಡಿದಳು. ಅಂದು ಅವಳು ಉಜ್ಜಿದ ರಭಸಕ್ಕೆ ಕನ್ನಡಿ ತುಂಬ ನೊರೆ.

ಎಲ್ಲ ಸರಿಹೋಯಿತು ಎಂದು ಅಕ್ಕ ನಿಟ್ಟುಸಿರು ಬಿಟ್ಟದ್ದೇ ಬಂತು. ಮರುದಿನ ಸಾಲಿನಲ್ಲಿದ್ದ ಅರ್ಧ ಮಕ್ಕಳು ಬ್ರಶ್ ಕೆಳಗಿಟ್ಟು ಕೈಕಟ್ಟಿ ನಿಂತರು.

"ನಾವು ಉಜ್ಜಲ್ಲ. ನಮಗೂ ತಾತನ ಥರ ತೆಗೆಯೋ ಹಲ್ಲು ಬೇಕು."

ಅಕ್ಕ ತಲೆ ಮೇಲೆ ಕೈ ಹೊತ್ತಳು. ಸಂಜೆ ಸುದ್ದಿ ಕೇಳಿದ ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ಊಟದ ಹೊತ್ತಿಗೆ ಅವರೇ ಅಂಗಡಿಗೆ ಹೋಗಿ ಕ್ಯಾರೆಟ್ ತಂದರು. ಅಕ್ಕ ಅದನ್ನು ತೊಳೆದು, ಸಣ್ಣಗೆ ಸೀಳಿ ಹಂಚಿದಳು, ತಾತನಿಗೂ ಒಂದು. ಮಕ್ಕಳು ಕಚ್ಚಿದರು. ಕರಕರ, ಕರಕರ. ತಾತ ಕಚ್ಚಿದರು, ಸೆಟ್ ಒಂದು ಕಡೆಗೆ ವಾಲಿತೇ ಹೊರತು ಕ್ಯಾರೆಟ್ ಮುರಿಯಲಿಲ್ಲ. ಬಾಯಿಂದ ತೆಗೆದು ತೋರಿಸಿದರು: ಒದ್ದೆಯಾಗಿತ್ತು, ಅಷ್ಟೇ.

"ತಿನ್ನಕ್ಕೆ ಆಗಲ್ವಾ?" ಕೈಕಟ್ಟಿ ನಿಂತಿದ್ದವರಲ್ಲಿ ಒಬ್ಬ ಕೇಳಿದ.

"ಆಗಲ್ಲ ಮರಿ. ಬೇಯ್ಸಿದ್ರೆ ಸರಿ. ಆದ್ರೆ ಆ ಸದ್ದು ಬರಲ್ಲ ನೋಡು. ಇನ್ನೊಂದ್ಸಲ ಕಚ್ಚು, ಕೇಳ್ತೀನಿ."

ಹುಡುಗ ತಾತನ ಕಿವಿಗೆ ಬಾಯಿ ಹಚ್ಚಿ ಕಚ್ಚಿದ. ತಾತ ಕಣ್ಣು ಮುಚ್ಚಿ ಕೇಳಿದರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಅವರ ಕಿವಿಯಲ್ಲಿ ಕರಕರ ಎನ್ನಿಸಿ ಹೋದರು. ಆ ಮಧ್ಯಾಹ್ನ ಬ್ರಶ್ ಹಿಡಿಯಲು ಯಾರಿಗೂ ಹೇಳಬೇಕಾಗಲಿಲ್ಲ.

ಜೀರುಂಡೆ ಇರುವ ಮನೆಯಲ್ಲಿ ಗುಟ್ಟು ನಿಲ್ಲುವುದುಂಟೇ? ತಾತ ಹಲ್ಲು ತೋರಿಸಿದ ಸಂಜೆಯೇ ಸೊಸೆಗೂ ಮಗನಿಗೂ ವಿಷಯ ತಿಳಿದಿತ್ತು. ಸೊಸೆ ಸಿಂಕಿನ ಪಕ್ಕ ಮುಚ್ಚಳವಿರುವ ಡಬ್ಬಿಯೊಂದನ್ನು ಮಾವನಿಗೆಂದು ಇಟ್ಟಳು. ಈಗ ತಾತ, ಮೊಮ್ಮಗಳು ಬಾಗಿಲು ತೆರೆದಿಟ್ಟುಕೊಂಡೇ ಉಜ್ಜುತ್ತಾರೆ, ಒಬ್ಬರು ಕೈಯಲ್ಲಿ, ಒಬ್ಬಳು ಬಾಯಲ್ಲಿ.

ಡೇಕೇರಿನಲ್ಲಿ ಮೊನ್ನೆ ಜೀರುಂಡೆ ಬಾಯಿ ಮುಕ್ಕಳಿಸಿ, ಅಕ್ಕನ ದುಪಟ್ಟಾ ಎಳೆದಳು.

"ಅಕ್ಕಾ, ತಾತ ಮಲಗಿದ್ಮೇಲೆ ಹಲ್ಲು ಡಬ್ಬಿಯೊಳಗೆ ಒಂದೇ ಇರುತ್ತಲ್ಲ, ಅದು ಏನು ಮಾಡ್ತಿರುತ್ತೆ?"