ಬರಾಕುಡಾದ ಬಾಯಿಗೆ ಹೋದ ಚಮಚ

ನಾನು ಒಂದು ಸ್ಟೀಲ್ ಚಮಚ. ಈಗ ನನ್ನನ್ನು ನೋಡಿದವರು ಹಾಗೆ ಹೇಳಲಾರರು. ಹಿಡಿ ಇಲ್ಲ, ಎರಡೂ ತುದಿಗೆ ತೂತು, ಮೈತುಂಬ ಗೀರು. ಆದರೂ ಹುಟ್ಟಿದ್ದು ಚಮಚವಾಗಿಯೇ. ದೊಡ್ಡ ತಗಡಿನಿಂದ ಕತ್ತರಿಸಿ, ಅಚ್ಚಿನಲ್ಲಿ ಒತ್ತಿ, ಉಜ್ಜಿ ಉಜ್ಜಿ ನನಗೆ ಹೊಳಪು ಬರಿಸಿದರು. ಕುಂದಾಪುರದ ಪಾತ್ರೆ ಅಂಗಡಿಯಲ್ಲಿ ಮೂಕಾಂಬು ಎಂಬ ತುಂಬು ಬಸುರಿ ನನ್ನನ್ನು ಆರಿಸಿಕೊಂಡಳು. "ಇದ್ರ ಹೊಂಡ ಆಳ ಇತ್ತ್. ಗಂಜಿ ಚೆಲ್ಲುದಿಲ್ಲ," ಎಂದಳು.

ಅವಳ ಮಗ ಸುಧಾಕರನಿಗೆ ಮೊದಲ ಗಂಜಿ ತಿನ್ನಿಸಿದ್ದು ನಾನೇ. ನನಗೆ ಮನುಷ್ಯರ ಪರಿಚಯವಾಗುವುದು ಬಾಯಿಯಿಂದ. ಹಲ್ಲಿಲ್ಲದ ಅವನ ಬಾಯಲ್ಲಿ ಹಲ್ಲು ಬಂದವು, ಬಿದ್ದವು, ಮತ್ತೆ ಬಂದವು. ಆಮೇಲೆ ಅವನು ಕೈಯಿಂದ ಉಣ್ಣಲು ಕಲಿತ. ನಾನು ಉಪ್ಪಿನ ಭರಣಿಗೆ, ತುಪ್ಪದ ಗಿಂಡಿಗೆ ಹೋದೆ. ಅವನು ಮರವಂತೆಯ ಕಡಲಿಗೆ ಹೋದ. ಬಲೆಗಿಂತ ಗಾಳವೇ ಅವನಿಗೆ ಇಷ್ಟ. ಒಂದು ಪುಟ್ಟ ದೋಣಿ, ಒಂದು ಎಂಜಿನ್ನು, ಬಂಡೆಗಳ ಸುತ್ತ ಅಲೆಯುವ ದೊಡ್ಡ ಮೀನು, ಇಷ್ಟೇ ಅವನ ಲೋಕ. ಸುಗುಣ ಸೊಸೆಯಾಗಿ ಬಂದಮೇಲೆ ಅವನು ತಂದ ಮೀನನ್ನು ಅವಳು ಪೇಟೆಯಲ್ಲಿ ಮಾರುತ್ತಿದ್ದಳು.

ಒಂದು ದಿನ ಅವನು ಕೈಗೆ ಪಂಚೆ ಸುತ್ತಿಕೊಂಡು ಬಂದ. ಪಂಚೆ ಕೆಂಪಾಗಿತ್ತು. ಬರಾಕುಡಾ ಎಂಬ ಉದ್ದ ಮೂತಿಯ ಮೀನು ದೋಣಿಯೊಳಗೆ ಬಿದ್ದಮೇಲೂ ಸತ್ತಿರಲಿಲ್ಲ. ಗಾಳ ಬಿಡಿಸಲು ಹೋದ ಅವನ ಬಲಗೈಯನ್ನು ಕಚ್ಚಿ, ಒಮ್ಮೆ ಕೊಡವಿ, ಕಡಲಿಗೆ ಹಾರಿತ್ತು. ಹೊಲಿಗೆ ಹಾಕಿಸಿದರು, ಗಾಯ ಮಾಯಿತು. ಆದರೆ ಬೆರಳುಗಳು ಮಡಚಲಿಲ್ಲ.

ಹಾಗಾಗಿ ನಾನು ಮತ್ತೆ ಅವನ ಬಟ್ಟಲಿಗೆ ಬಂದೆ. ಎಡಗೈಯಲ್ಲಿ ಉಣ್ಣಲು ಅವನಿಗೆ ನಾಚಿಕೆ. ಗೋಡೆಗೆ ಮುಖ ಮಾಡಿ ಕೂತು ನನ್ನಿಂದ ಉಣ್ಣುತ್ತಿದ್ದ. ಹಲ್ಲು ನನಗೆ ತಾಗಿ ಕಟಕಟ ಎನ್ನುತ್ತಿತ್ತು. ದೋಣಿಯನ್ನು ಮಗುಚಿ ತೆಂಗಿನ ಗರಿ ಮುಚ್ಚಿದರು. ಮಳೆಗಾಲ ಮುಗಿಯುತ್ತಿದ್ದಂತೆ ಅವನು ಬಟ್ಟಲಿನಿಂದ ಮುಖ ಎತ್ತದೆ ಹೇಳಿದ: "ದೋಣಿ ಮಾರ್ತೆ."

ಸುಗುಣ ಮೀನಿನ ಬುಟ್ಟಿ ತೊಳೆಯುತ್ತಿದ್ದಳು. "ಮಾರಿ. ಅದಕ್ಕೂ ಮೊದ್ಲ್ ಒಂದ್ಸಲ ಹೋಪ. ನೀವ್ ಎಂಜಿನ್ ಹಿಡೀನಿ, ದಾರ ನಾನ್ ಹಿಡಿತೆ."

"ನಿಂಗೆ ತಲೆ ಸಮ ಇತ್ತಾ? ಅದೇ ಮೀನಿಗಾ?"

"ಹೌದ್, ಅದೇ ಮೀನಿಗೆ. ಬೇರೆ ಮೀನಿಗೆ ಹೋದ್ರೆ ನಿಮ್ಮ ಹೆದ್ರಿಕಿ ಹೋತಿಲ್ಲೆ."

ಆ ಊರಲ್ಲಿ ಹೆಂಗಸರು ಮೀನು ಮಾರುತ್ತಾರೆ, ಒಣಗಿಸುತ್ತಾರೆ. ಗಾಳ ಹಿಡಿದು ಕಡಲಿಗೆ ಹೋದವರಿಲ್ಲ. ಸುಧಾಕರ ತಾಯಿಯ ಮುಖ ನೋಡಿದ, ಅವಳಾದರೂ ಬೇಡ ಎನ್ನಲಿ ಎಂದು. ಮೂಕಾಂಬು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದಳು. ಎಲೆ ಬಾಯಿಗೆ ಹಾಕಿಕೊಂಡು ಕೊನೆಗೆ ಅಂದಳು: "ಹೋಪುದಾದ್ರೆ ಗಾಳ ಸಮಾ ಕಟ್ಕಂಡ್ ಹೋಯ್ನಿ."

ಅಂದಿನಿಂದ ಸುಧಾಕರನ ಹೆದರಿಕೆಯೆಲ್ಲ ಗಾಳದ ಪೆಟ್ಟಿಗೆಯೊಳಗೆ ಹೊಕ್ಕಿತು. ಜಗಲಿಯ ಮೇಲೆ ಎಲ್ಲವನ್ನೂ ಹರವಿದ. ನೈಲಾನ್ ದಾರವನ್ನು ಕತ್ತಿಯ ಅಲಗಿಗೆ ಮೆಲ್ಲನೆ ಎಳೆದ, ಟಕ್ಕೆಂದು ತುಂಡಾಯಿತು. "ಕಂಡ್ಯಾ? ಅದ್ರ ಹಲ್ಲ್ ಹೀಂಗೆ. ಗಾಳದ ಹತ್ರ ತಂತಿಯೇ ಬೇಕ್." ದಪ್ಪ ತಂತಿ ತೆಗೆದ. ಮರುಗಳಿಗೆ, ಇಷ್ಟು ದಪ್ಪ ಕಂಡರೆ ಮೀನು ಹತ್ತಿರ ಬರುವುದಿಲ್ಲವೆಂದು ಸಪೂರ ತಂತಿ ಕಟ್ಟಿದ. ಅದು ಒಮ್ಮೆ ಮುರುಟಿದರೆ ಅಲ್ಲೇ ಮುರಿಯುತ್ತದೆಂದು ಬಿಚ್ಚಿ, ಮತ್ತೆ ದಪ್ಪದ್ದಕ್ಕೆ ಕೈ ಹಾಕಿದ. ಗಾಳದ ಮೊನೆಯನ್ನು ಕಲ್ಲಿಗೆ ಮಸೆದೂ ಮಸೆದೂ ಕೂದಲಿನಷ್ಟು ಮಾಡಿದ. ಸುಗುಣ ಅದನ್ನು ಕಸಿದುಕೊಂಡು, "ಹ್ವಾಯ್, ಇನ್ನೂ ಮಸೆದ್ರೆ ಮೊನೆಯೇ ಇರ್ತಿಲ್ಲೆ," ಎಂದಳು. ದಪ್ಪವೂ ಅಲ್ಲದ ಸಪೂರವೂ ಅಲ್ಲದ ತಂತಿಯೊಂದನ್ನು ಅವಳೇ ಆರಿಸಿದಳು. ಗಂಟು ಹಾಕುವುದನ್ನು ಅವನು ಬಾಯಲ್ಲಿ ಹೇಳಿದ, ಅವಳು ಕೈಯಲ್ಲಿ ಮಾಡಿದಳು. ಸರಿಯಾಗುವ ತನಕ ಬಿಚ್ಚಿಸಿ ಬಿಚ್ಚಿಸಿ ಕಟ್ಟಿಸಿದ.

ಗಾಳದ ಎರೆಗೆ ಬೂತಾಯಿ ಮೀನು ಸಾಕು ಎಂದ ಅವನು. ಸುಗುಣ ಒಪ್ಪಲಿಲ್ಲ. "ಬೂತಾಯಿ ಮೆತ್ತಗೆ. ಅಲೆ ಹೊಡೆದ್ರೆ ಗಾಳದಿಂದ ಜಾರಿ ಹೋತ್ತ್. ಬಂಗುಡೆಯ ಹೊಟ್ಟೆ ಭಾಗ ಆಯ್ಕ್." ಕಿವಿರು ಕೆಂಪಗಿದ್ದ, ಬೆರಳಿಂದ ಒತ್ತಿದರೆ ಕುಳಿ ಬೀಳದ ಬಂಗುಡೆ ತಂದು, ಉದ್ದಕ್ಕೆ ಸೀಳಿ ಉಪ್ಪು ಸವರಿದಳು.

ಉಳಿದದ್ದು ಹೊಳೆಯುವ ತಗಡು. ನೀರಲ್ಲಿ ಹೊರಳುತ್ತ ಮಿಂಚಿದರೆ ಬರಾಕುಡಾ ಅದನ್ನು ಓಡುವ ಮರಿಮೀನೆಂದು ಬಗೆಯುತ್ತದೆ. ಸುಧಾಕರನ ಹಳೆಯ ತಗಡು ಆ ಮೀನಿನ ಜೊತೆಗೇ ಹೋಗಿತ್ತು. ಪೆಟ್ಟಿಗೆಯಲ್ಲಿದ್ದವೆಲ್ಲ ತುಕ್ಕು. "ಆಯ್ತಲ್ಲ, ತಗಡಿಲ್ಲ. ಬಿಡ್," ಎಂದ. ಅವನ ದನಿಯಲ್ಲಿ ಸಮಾಧಾನವೇ ಇತ್ತು.

ಸುಗುಣ ಒಳಗೆ ಬಂದು ಪಾತ್ರೆಗಳ ಮೇಲೆ ಕಣ್ಣಾಡಿಸಿದಳು. ಅವಳ ಕೈ ನನ್ನ ಮೇಲೆ ಬಂತು.

"ಅದ್ ಬ್ಯಾಡ! ನಾನ್ ಎಂತದ್ರಲ್ಲ್ ಉಂಬುದ್?" ಸುಧಾಕರ ಕೂಗಿದ.

ಸುಗುಣ ನನ್ನನ್ನು ಜಗಲಿಗೆ ತಂದಳು. ಗರಗಸ ಅಲ್ಲೇ ಇತ್ತು. ಬಹಳ ಹೊತ್ತು ಅವನು ನನ್ನನ್ನೇ ನೋಡಿದ. ಆಮೇಲೆ ಎದ್ದು ಬಂದು, ನನ್ನನ್ನು ಮಣೆಯ ಮೇಲಿಟ್ಟು ಹಿಮ್ಮಡಿಯಿಂದ ಅದುಮಿ ಹಿಡಿದ. ಸುಗುಣ ನನ್ನ ಹಿಡಿಯನ್ನು ಕೊಯ್ದಳು. ದೋಣಿಯ ಹಲಗೆಗೆ ತೂತು ಕೊರೆಯುವ ಸಾಮಾನಿನಿಂದ ನನ್ನ ಮೈಯನ್ನೂ ಕೊರೆದಳು. ನೋವಾಯಿತೆಂದು ಹೇಳಿದರೆ ನೀವು ನಂಬುವಿರೋ ಇಲ್ಲವೋ. ಅಂದು ಊಟಕ್ಕೆ ಮೂಕಾಂಬು ಬೇರೊಂದು ಚಮಚ ಹುಡುಕಲಿಲ್ಲ, ಬಟ್ಟಲು ಮಾತ್ರ ಮುಂದಿಟ್ಟಳು. ಅವನು ಎಡಗೈಯಲ್ಲಿ ಅನ್ನ ಕಲಸಿದ. ಗೋಡೆಗೆ ತಿರುಗಲಿಲ್ಲ.

ಬೆಳಕು ಹರಿಯುವಾಗ ದೋಣಿ ಅಲೆ ದಾಟಿತು. ಸುಗುಣ ದಾರವನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. "ಹೆದ್ರಿಕಿ ಆತ್ತಾ?" ಎಂದ ಅವನು. "ಆತ್ತ್. ನಿಮ್ಗೆ?" "ಆತ್ತ್." ಅವಳು ನನ್ನನ್ನು ನೀರಿಗೆ ಬಿಟ್ಟಳು.

ಗಂಜಿಯ ಆಳವಷ್ಟೇ ಗೊತ್ತಿದ್ದ ನನಗೆ ಆ ನೀರಿಗೆ ತಳವೇ ಕಾಣಲಿಲ್ಲ. ಹಿಂದೆ ಬಂಗುಡೆಯ ಸೀಳು, ಮುಂದೆ ತಂತಿ, ನಡುವೆ ನಾನು ಹೊರಳುತ್ತ ಹೋದೆ. ಬಂಡೆಯ ನೆರಳಿನಿಂದ ಬೂದು ಬಣ್ಣದ ಉದ್ದನೆಯದೊಂದು ಬಂದು, ಅಲುಗದೆ ನನ್ನನ್ನು ನೋಡಿತು. ತಿರುಗಿ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಕತ್ತಲೆ. ನಾನು ಅದರ ಬಾಯೊಳಗಿದ್ದೆ. ಹಲ್ಲುಗಳು ನನ್ನ ಮೇಲೆ ಕರಕರ ಎಳೆದವು.

ದಾರ ಬಿಗಿಯಿತು. ಮೇಲೆ ಸುಧಾಕರನ ಕೂಗು: "ಎಳೀಬ್ಯಾಡ, ಓಡ್ಲಿ! ಈಗ ಎಳಿ! ಬಿಡ್, ಬಿಡ್!" ಮೀನು ಓಡಿತು, ನಿಂತಿತು, ಮತ್ತೆ ಓಡಿತು. ತಂತಿ ಕಿರುಗುಟ್ಟಿತು, ಆದರೆ ತಡೆಯಿತು. ಕೊನೆಗೆ ದೋಣಿಯ ಬದಿಗೆ ಬಂದು ಮೂತಿ ಎತ್ತಿದಾಗ ಸುಧಾಕರನ ಮುಖ ನನಗೆ ಕಂಡಿತು. ಅವನು ಕಲ್ಲಾಗಿದ್ದ. ಎಂಜಿನ್ ಆರಿಸಿದ್ದ, ಮೀನನ್ನು ಮೇಲೆತ್ತುವ ಕೊಕ್ಕೆ ಕಾಲಬುಡದಲ್ಲೇ ಇತ್ತು, ಕೈ ಏಳುತ್ತಿರಲಿಲ್ಲ.

"ಹ್ವಾಯ್," ಎಂದಳು ಸುಗುಣ. ಮೀನಿನ ಎಳೆತಕ್ಕೆ ಕಾಲನ್ನು ಹಲಗೆಗೆ ಒತ್ತಿ ನಿಂತಿದ್ದಳು. "ನಾನ್ ಹಿಡ್ಕಂಡಿದೆ. ನಿಧಾನ ಮಾಡಿ. ನಿಮ್ಗೆ ಕೈ ಎತ್ತುಕೆ ಆಪಲ್ಲಿವರೆಗೆ ಹಿಡ್ಕಂತೆ. ಆತಿಲ್ಲೆ ಅಂದ್ರೆ ಹೇಳಿ, ತಂತಿ ಕಡಿತೆ."

ಅಲೆಯೊಂದು ಎತ್ತಿತು. ಮೀನು ತಾನೇ ಚಿಮ್ಮಿ ದೋಣಿಯೊಳಗೆ ಬಿತ್ತು! ಸುಗುಣಳ ಬರಿಗಾಲ ಹತ್ತಿರ ಬಾಯಿ ಕಳೆದು ಹೊರಳಿತು. ಸುಧಾಕರ ಏನು ಯೋಚಿಸಿದನೋ ತಿಳಿಯದು. ಒದ್ದೆ ಗೋಣಿಚೀಲ ಎಳೆದು ಮೀನಿನ ತಲೆಯ ಮೇಲೆ ಎಸೆದ, ಆಮೇಲೆ ಅದರ ಮೇಲೆ ಕೂತೇಬಿಟ್ಟ. ಮೀನು ಕೊಡವಿದಾಗಲೆಲ್ಲ ಅವನೂ ಕುಣಿದ. ಗೋಣಿಯ ಕೆಳಗಿನ ಕತ್ತಲಲ್ಲಿ ನನಗೆ ಅವನ ದನಿ ಕೇಳಿತು. ಅಳುವೋ ನಗುವೋ ಗೊತ್ತಾಗಲಿಲ್ಲ. "ಕಾಲ್ ತೆಗಿ ಸುಗುಣ, ಕಾಲ್ ತೆಗಿ," ಎನ್ನುತ್ತಲೇ ಇದ್ದ. ಅವಳು ಕಾಲು ತೆಗೆದು ಯಾವಾಗಲೋ ಆಗಿತ್ತು. ಮೀನು ಪೂರ್ತಿ ತಣ್ಣಗಾದ ಮೇಲೂ ಅವನು ಏಳಲಿಲ್ಲ. ಅವಳೇ ಭುಜ ಹಿಡಿದು ಎಬ್ಬಿಸಿದಳು.

ದೋಣಿ ಮಾರಲಿಲ್ಲ. ಆಮೇಲೆ ಎಷ್ಟೋ ಸಲ ನಾನು ಅವರ ಜೊತೆ ಹೋದೆ, ಎಷ್ಟೋ ಬಾಯಿ ನೋಡಿದೆ. ಉಪ್ಪುನೀರು ನನ್ನ ಹೊಳಪು ತಿಂದಿತು, ತೂತು ಸವೆದು ಅಗಲವಾಯಿತು. ಈಗ ಅಂಗಡಿಯ ಹೊಸ ತಗಡುಗಳು ಹೋಗುತ್ತವೆ. ನಾನು ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತೇನೆ. ಸುಧಾಕರನ ಹೆದರಿಕೆ ಹೋಗಿಲ್ಲ. ಹೊರಡುವ ಮುಂಚೆ ಇಂದಿಗೂ ತಂತಿ ಎಳೆದು ನೋಡುತ್ತಾನೆ, ಗಂಟು ಮುಟ್ಟುತ್ತಾನೆ, ಬಂಗುಡೆ ಮೂಸುತ್ತಾನೆ. ಸುಗುಣ ಬೈಯುತ್ತಾಳೆ, ಆದರೆ ಅವನು ನೋಡಿ ಮುಗಿಸುವ ತನಕ ದೋಣಿ ಹತ್ತುವುದಿಲ್ಲ.

ಅವರು ಹೋದಮೇಲೆ ಮನೆ ಮೌನವಾಗುತ್ತದೆ. ಮೂಕಾಂಬು ಅಕ್ಕಿ ತೊಳೆದು ಒಲೆಗಿಡುತ್ತಾಳೆ. ಇಲ್ಲಿರುವ ಪಾತ್ರೆಗಳಿಗೆಲ್ಲ ಗೊತ್ತಿರುವುದು ಇಷ್ಟೇ: ಹೊತ್ತಾದಾಗ ಮನೆಯವರು ಉಣ್ಣಲು ಬರುತ್ತಾರೆ. ಎಲ್ಲಿಂದ ಬರುತ್ತಾರೆ ಎಂಬುದು ನನಗೊಬ್ಬನಿಗೇ ಗೊತ್ತು.