ಓದದೆ ಒತ್ತಿದ ‘ಹೌದು’

ನಾನು ಒಂದು ಕಂಪ್ಯೂಟರ್. ಶಿವಮೊಗ್ಗದ ಅಂಗಡಿಯೊಂದರಲ್ಲಿ ಎಲ್ಲೆಲ್ಲಿಂದಲೋ ಬಂದ ಭಾಗಗಳನ್ನು ಸ್ಕ್ರೂ ಹಾಕಿ ಬಿಗಿದಾಗ ಹುಟ್ಟಿದೆ. ಮೊದಲು ವಕೀಲರೊಬ್ಬರ ಕಚೇರಿಯಲ್ಲಿದ್ದೆ. ಅವರು ಹೊಸದನ್ನು ಕೊಂಡ ಮೇಲೆ ಅಂಧ ಮಕ್ಕಳ ಶಾಲೆಗೆ ದಾನವಾದೆ. ದಾನ ಎಂದರೆ ತಮಗೆ ಬೇಡವಾದದ್ದು ಎಂದು ಆಗಲೇ ತಿಳಿಯಿತು.

ಬ್ರೈಲ್ ಮುದ್ರಣದ ಕೋಣೆಯಲ್ಲಿ ಮೇಜಿನ ಕೆಳಗೆ ನನ್ನ ಜಾಗ. ಮನುಷ್ಯರನ್ನು ನಾನು ಪಾದಗಳಿಂದಲೇ ಬಲ್ಲೆ. ಹೆಬ್ಬೆರಳ ಹತ್ತಿರ ಹೊಲಿದ ಚಪ್ಪಲಿ ಶಾಂಭವಿಯದು. ತಾತ್ಕಾಲಿಕ ಕೆಲಸದವಳು, ಮಾತು ಕಡಿಮೆ. ನನ್ನನ್ನು ನಡೆಸುವ ಲಿನಕ್ಸ್ ಹಾಕಿದವಳು ಅವಳೇ. ಕನ್ನಡ ಪಠ್ಯವನ್ನು ಬ್ರೈಲ್ ಚುಕ್ಕಿಗಳಾಗಿಸುವ ಪ್ರೋಗ್ರಾಂ ಬರೆದು, ನನ್ನೊಳಗಿದ್ದ ಹಳೆಯ ಪ್ರೋಗ್ರಾಂ ಭಾಷೆ ಪೈಥಾನ್‌ಗೆ ಹೊಂದುವಂತೆ ಅದನ್ನು ಪ್ಯಾಕೇಜ್ ಮಾಡಿ ಕಟ್ಟಿದಳು.

ಬರಿಗಾಲು ನಾಗವೇಣಿಯದು, ಹತ್ತನೇ ತರಗತಿ. ನನಗೆ ಒರಗಿ ನೆಲದಲ್ಲಿ ಕೂತು, ಆಗಷ್ಟೇ ಅಚ್ಚಾದ ಹಾಳೆಗಳ ಮೇಲೆ ಬೆರಳಾಡಿಸುತ್ತಿದ್ದಳು. “ಆಮ್ಲದ ಪಾಠ ಮುಗೀತು ಅಕ್ಕಾ, ನಾಲಗೆ ಎಲ್ಲ ಹುಳಿ! ಮುಂದಿಂದು ಕೊಡು.” ವಿಜ್ಞಾನದ ಹದಿನಾಲ್ಕು ಪಾಠಗಳಲ್ಲಿ ಒಂಬತ್ತು ಅವಳ ಕೈಗೆ ಸಿಕ್ಕಿದ್ದವು. ಇನ್ನೈದು ನನ್ನೊಳಗೆ ಚುಕ್ಕಿಯಾಗಿ ಸಿದ್ಧವಿದ್ದವು, ಅಚ್ಚು ಮಾತ್ರ ಬಾಕಿ. ಪರೀಕ್ಷೆಗೆ ಮೂರು ವಾರ.

ಆಗ ಬಂದವು ಮಿರುಗುವ ಬೂಟುಗಳು. ಹಾಜರಿಯ ಸಾಫ್ಟ್‌ವೇರ್ ಹಾಕಲು ಬಂದ ಪ್ರಹ್ಲಾದ. ಅದಕ್ಕೆ ಹೊಸ ಪೈಥಾನ್ ಬೇಕು. ಆವೃತ್ತಿ ಹೊಂದುತ್ತಿಲ್ಲ ಎಂದು ಪರದೆಯ ಮೇಲೆ ಮೂರು ಸಲ ಹೇಳಿದೆ.

“ಹೊಸದನ್ನ ಪಕ್ಕದಲ್ಲಿ ಬೇರೆಯಾಗಿ ಹಾಕಿ ಸರ್,” ಎಂದಳು ಶಾಂಭವಿ. “ಹಳೇದನ್ನ ತೆಗೀಬೇಡಿ. ಇಡೀ ಸಿಸ್ಟಮ್ ಅದರ ಮೇಲೇ ನಿಂತಿದೆ.”

“ಏನ್ ಮೇಡಂ, ಮ್ಯೂಸಿಯಂ ಇಟ್ಟಿದ್ದೀರಾ?”

ಹೊಲಿದ ಚಪ್ಪಲಿ ಒಂದು ಹೆಜ್ಜೆ ಹಿಂದೆ ಸರಿಯಿತು.

ಹಳೆಯದನ್ನು ತೆಗೆ ಎಂದು ಅವನು ಆಜ್ಞೆ ಕೊಟ್ಟ. ಅದರ ಜೊತೆ ಏನೇನು ಹೋಗುತ್ತದೆಂದು ಪರದೆ ತುಂಬ ಪಟ್ಟಿ ತೋರಿಸಿದೆ: ಶಾಂಭವಿಯ ಪ್ಯಾಕೇಜ್, ಬ್ರೈಲ್ ಯಂತ್ರ ನಡೆಸುವ ಡ್ರೈವರ್, ಪರದೆಯ ಕಿಟಕಿಗಳು, ಇನ್ನೂ ನೂರಾರು. ಮುಂದುವರಿಯಲೇ ಎಂದು ಕೇಳಿದೆ. ಅಷ್ಟೇ ನನ್ನಿಂದಾಗುವುದು. ಬೆರಳಿನಿಂದ ಒಂದೊಂದೇ ಅಕ್ಷರ ಓದುವ ಮಕ್ಕಳ ಶಾಲೆಯಲ್ಲಿ, ಎರಡು ಕಣ್ಣಿದ್ದವನು ಒಂದು ಸಾಲೂ ಓದದೆ ‘ಹೌದು’ ಒತ್ತಿದ. ಕೆಲವೇ ನಿಮಿಷದಲ್ಲಿ ನನ್ನ ಪರದೆ ಕಪ್ಪಾಯಿತು.

“ಹಳೇ ಮಷಿನ್ನು, ಸತ್ತೋಯ್ತು,” ಎಂದ ಮುಖ್ಯೋಪಾಧ್ಯಾಯರಿಗೆ.

“ಎರಡು ದಿನ ಕೊಡಿ ಸರ್, ಸರಿ ಮಾಡ್ತೀನಿ. ಪಾಠ ಎಲ್ಲ ಒಳಗೇ ಇದೆ,” ಎಂದಳು ಶಾಂಭವಿ.

“ನೀನು ಕೈ ಹಾಕ್ಬೇಡಮ್ಮ. ಹೊಸದಕ್ಕೆ ಮೇಲಿನವರಿಗೆ ಬರೀತೀನಿ, ಬರುತ್ತೆ,” ಎಂದರು ಮುಖ್ಯೋಪಾಧ್ಯಾಯರು.

“ಸರಿ ಸರ್.”

ಆ ‘ಸರಿ’ಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವಳೂ ಕ್ಷಮಿಸಿಕೊಂಡಿರಲಿಕ್ಕಿಲ್ಲ.

ಹೊಸದು ಜೂನ್‌ನಲ್ಲಿ ಬಂತು. ಅಷ್ಟರಲ್ಲಿ ನಾಗವೇಣಿ ಒಂಬತ್ತೇ ಪಾಠ ಓದಿಕೊಂಡು ಪರೀಕ್ಷೆ ಬರೆದಾಗಿತ್ತು. ವಿಜ್ಞಾನದಲ್ಲಿ ಪಾಸಾಗಲು ನಾಲ್ಕು ಅಂಕ ಸಾಲಲಿಲ್ಲ. ಶಾಂಭವಿಯ ಕೆಲಸವನ್ನು ಮುಂದುವರಿಸಲಿಲ್ಲ.

ಈಗ ನಾನು ಮೆಟ್ಟಿಲ ಕೆಳಗೆ, ಗಾಳಿ ಹೋದ ಹಾರ್ಮೋನಿಯಂ ಪಕ್ಕ ಇದ್ದೇನೆ. ಟಿ.ಸಿ. ಪಡೆಯಲು ಬಂದ ದಿನ ನಾಗವೇಣಿ ತಡವರಿಸುತ್ತ ಬಂದು ನನ್ನ ಬೆನ್ನಿನ ತೂತುಗಳ ಮೇಲೆ ಬೆರಳಾಡಿಸಿದಳು. ಎಡದಿಂದ ಬಲಕ್ಕೆ, ನಿಧಾನವಾಗಿ, ಸಾಲು ತಪ್ಪದೆ.

“ಇದರಲ್ಲಿ ಏನೂ ಬರೆದಿಲ್ಲ,” ಎಂದು ಎದ್ದು ಹೋದಳು.