ಗೂಡಿನಲ್ಲಿದ್ದ ಜೇಡ

ಭೈರಮ್ಮ ವಿಭೂತಿ ಹುಡುಕುತ್ತ ಗೋಡೆಯ ಗೂಡಿಗೆ ಕೈಯಿಟ್ಟವಳು ಕೆಂಡ ಮುಟ್ಟಿದಂತೆ ಕಿರುಚಿ ಹಿಂದಕ್ಕೆ ಜಿಗಿದಳು.

“ಅಯ್ಯಯ್ಯೋ ಅತ್ಗೆ! ಇನ್ನೂ ಇಕ್ಕೊಂಡಿದ್ದೀರಲ್ಲ ಇದನ್ನ!”

ಅಂಗಳದಲ್ಲಿ ಗಂಗಯ್ಯನ ಹೆಣಕ್ಕೆ ನೀರು ಹಾಕುತ್ತಿದ್ದವರೂ ಒಂದು ಗಳಿಗೆ ಕೈ ತಡೆದು ಒಳಗೆ ಇಣುಕಿದರು. ಗೂಡಿನಲ್ಲಿ ಅಗಲ ಬಾಯಿಯ ಗಾಜಿನ ಬಾಟಲಿ. ಅದರ ಬಾಯಿಗೆ ಗಂಗಯ್ಯನ ಹೆಂಡತಿ ಓಬಮ್ಮನ ಹಳೇ ಸೀರೆಯ ತುಂಡು, ಮೇಲೊಂದು ರಬ್ಬರ್ ಬ್ಯಾಂಡು. ಒಳಗೆ ಉದ್ದುದ್ದ ಕಾಲು ಚಾಚಿಕೊಂಡು ಗಾಜಿಗೆ ಅಂಟಿದ್ದ ಕಂದು ಜೇಡ. ಅದು ಹೊಟ್ಟೆಯಡಿ ಬತ್ತಾಸಿನಂಥ ಬಿಳಿಯ ಮೊಟ್ಟೆಬಿಲ್ಲೆಯೊಂದನ್ನು ತಬ್ಬಿಕೊಂಡಿತ್ತು.

“ನಮ್ಮಣ್ಣಂಗಂತೂ ಹುಚ್ಚು. ತಿಪ್ಪೆಗೆ ಎಸೀರಿ ಅತ್ಗೆ. ಎಲ್ಲಾರ್ ಮೇಲೂ ಉಚ್ಚೆ ಹುಯ್ದು ಗುಳ್ಳೆ ಎಬ್ಬಿಸ್ತದೆ,” ಎಂದಳು ಭೈರಮ್ಮ. ಅಣ್ಣನಿಗಾಗಿ ಬೆಳಗಿನಿಂದ ಅತ್ತು ಅವಳ ಕಣ್ಣು ಊದಿದ್ದವು.

“ಮರಿ ಆಗೋಗಂಟ ಅದು ಅಲ್ಲೇ ಇರ್ಲಿ. ನೀನು ಮುಟ್ಬೇಡ ಬುಡು.”

ಓಬಮ್ಮ ಎದ್ದು ಬಂದು, ಗಂಡನ ಬಾಯಿಗೆ ಕಡೇ ಗುಟುಕು ಬಿಟ್ಟಿದ್ದ ಚೊಂಬಿಗೆ ಬೆರಳದ್ದಿ, ಬಟ್ಟೆಯ ಮೇಲೆ ಎರಡು ತೊಟ್ಟು ನೀರು ಬಿಟ್ಟಳು. ಬಾಟಲಿಗೆ ಮಾತ್ರ ಬೆರಳು ತಾಗಿಸಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಒಂದು ದಿನವೂ ಅವನ ಜೇಡದ ಬಾಟಲಿ ಮುಟ್ಟಿದವಳಲ್ಲ.

ಬಾಗಿಲಲ್ಲಿ ನಿಂತಿದ್ದ ದುರ್ಗಯ್ಯ ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಳ್ಳುತ್ತ ಆ ಬಾಟಲಿಯನ್ನೇ ನೋಡುತ್ತಿದ್ದ. ಅವನೂ ಗಂಗಯ್ಯನೂ ಮೂವತ್ತು ವರ್ಷ ಒಂದೇ ಕೊಬ್ಬರಿ ಅಟ್ಟದಲ್ಲಿ ದುಡಿದವರು.

*

ಅಟ್ಟಕ್ಕೇರಿಸಿದ ತೆಂಗಿನಕಾಯಿಯನ್ನು ಒಳಗಿನ ನೀರಿಂಗಿ ಕೊಬ್ಬರಿ ಗಿಟುಕು ಲೊಡಲೊಡ ಅಲ್ಲಾಡುವವರೆಗೂ ಇಳಿಸುವಂತಿಲ್ಲ. ಹತ್ತು ಹನ್ನೊಂದು ತಿಂಗಳು ಬೇಕು. ಆ ಕತ್ತಲಲ್ಲಿ ಜಿರಲೆ ಹೇರಳ. ಜಿರಲೆ ಇದ್ದಲ್ಲಿ ಜೇಡ. ಬ್ಯಾಟರಿ ಬೆಳಕು ಬಿಟ್ಟರೆ ಹಲಗೆಯ ಸಂದಿಯಲ್ಲಿ ಅವುಗಳ ಕಣ್ಣು ಮಿನುಗುತ್ತಿದ್ದವು. ಗಂಗಯ್ಯ ಲೋಟವೊಂದನ್ನು ಮೆಲ್ಲಗೆ ಕವುಚಿ, ಅಡಿಗೆ ಕ್ಯಾಲೆಂಡರಿನ ಹಾಳೆ ತೂರಿಸಿ, ನೆಂಟರನ್ನು ಕರೆತಂದಂತೆ ಮನೆಗೆ ತರುತ್ತಿದ್ದ. ಜನ ಕುರಿ ಸಾಕುತ್ತಾರೆ, ಪಾರಿವಾಳ ಸಾಕುತ್ತಾರೆ. ಇವನು ಜೇಡ ಸಾಕಿದ. ಊರು ಅವನನ್ನು ಜೇಡ್ರ ಗಂಗಯ್ಯ ಎಂದು ಕರೆಯಿತು.

ಮಗ ಶಿವರಾಜು ಮೂರನೇ ಕ್ಲಾಸಿನಲ್ಲಿದ್ದ ವರ್ಷ ಓಬಮ್ಮನ ಬಲಗೈ ತುಂಬ ಗುಳ್ಳೆ ಎದ್ದು ಉರಿಯತೊಡಗಿತು.

“ನಿನ್ ಜೇಡಾನೇ ಉಚ್ಚೆ ಹುಯ್ದಿರೋದು. ನಾನ್ ಬೇಕೋ ಅವು ಬೇಕೋ, ಇವತ್ತು ಹೇಳ್ಬುಡು!”

ಗಂಗಯ್ಯ ಗೂಡಿನಲ್ಲಿದ್ದ ನಾಲ್ಕೂ ಬಾಟಲಿ ತೋಟಕ್ಕೆ ಒಯ್ದು, ಒಂದೊಂದು ತೆಂಗಿನ ಬುಡದಲ್ಲಿ ಒಂದೊಂದರ ಬಾಯಿ ಬಿಚ್ಚಿ ಬಂದ. ಮಾರನೇ ದಿನ ಅವಳೊಬ್ಬಳೇ ತುರುವೇಕೆರೆ ಆಸ್ಪತ್ರೆಗೆ ಹೋದಳು. ಡಾಕ್ಟರು ಕೈ ನೋಡಿ, “ಜೇಡದ್ದಲ್ಲಮ್ಮ ಇದು, ಸರ್ಪಸುತ್ತು,” ಎಂದು ಮುಲಾಮು ಬರೆದುಕೊಟ್ಟರು. ಆ ಮಾತನ್ನು ಓಬಮ್ಮ ಬರುವಾಗ ಬಸ್ಸಿನಲ್ಲೇ ನುಂಗಿಕೊಂಡಳು.

ಒಂದು ವರ್ಷ ಗೂಡು ಖಾಲಿ ಇತ್ತು. ಆಮೇಲೊಂದು ಸಂಜೆ ಕ್ಯಾಲೆಂಡರಿನ ಹಿಂದಿನಿಂದ ಜೇಡವೊಂದು ತಾನಾಗಿಯೇ ಹೊರಬಂತು. ಗಂಗಯ್ಯ ಹೆಂಡತಿಯ ಮುಖ ನೋಡಿದ. ಅವಳು ತಲೆ ಎತ್ತದೆ ಅವರೆಕಾಯಿ ಸುಲಿಯುತ್ತಲೇ ಇದ್ದಳು. ಅವನು ಹೋಗಿ ಬಾಟಲಿ ತೊಳೆದ.

ಸಾಯುವುದಕ್ಕೆ ಹನ್ನೆರಡು ದಿನ ಮುಂಚೆ, ಉಸಿರು ಕಟ್ಟುವ ಎದೆ ಹಿಡಿದುಕೊಂಡು ಗೋಡೆಗೊರಗಿ, ಅವನೇ ಮಾತೆತ್ತಿದ್ದ. “ಮೊಟ್ಟೆ ಹೊತ್ಕೊಂಡಿರುವಾಗ ಅದು ಏನೂ ತಿನ್ನಾಕಿಲ್ಲ ಕಣೇ. ಬಟ್ಟೆ ಮೇಲೆ ಎರಡು ತೊಟ್ಟು ನೀರು ಬುಟ್ರೆ ಸಾಕು. ಮರಿ ಆಗೋ ಹೊತ್ಗೆ ನಾನಿರ್ತೀನೋ ಇಲ್ವೋ. ನಮ್ಮನೆ ಅಟ್ಟಕ್ಕೆ ಬುಟ್ಬುಡು.”

“ನನ್ ಕೈಲಾಗಾಕಿಲ್ಲ. ಎದ್ದು ನೀನೇ ಬುಡು.”

ಗಂಗಯ್ಯ ನಗಲು ಹೋಗಿ ಕೆಮ್ಮಿದ. ಮತ್ತೆ ಆ ಮಾತೆತ್ತಲಿಲ್ಲ.

*

ಊರಾಚೆ ತೋಡಿದ್ದ ಗುಣಿಯಲ್ಲಿ ಗಂಗಯ್ಯನನ್ನು ಮಲಗಿಸಿದರು. ದುರ್ಗಯ್ಯ ಕೆಳಗಿಳಿದು, ತಲೆಯ ಹತ್ತಿರ ಬೀಡಿಕಟ್ಟು ಇಟ್ಟ. ಎಲೆಅಡಿಕೆ ಚೀಲ ಇಟ್ಟ. ಆಮೇಲೆ ಟವಲು ಬಿಚ್ಚಿ, ಯಾರಿಗೂ ಹೇಳದೆ ಗೂಡಿನಿಂದ ಸುತ್ತಿ ತಂದಿದ್ದ ಬಾಟಲಿ ತೆಗೆದು ಕಂಕುಳ ಪಕ್ಕಕ್ಕಿಟ್ಟ.

“ಇದಿಲ್ದೆ ನಮ್ಮ ಗಂಗಣ್ಣಂಗೆ ನಿದ್ದೆ ಬರಾಕಿಲ್ಲ,” ಎಂದ.

“ಒಳ್ಳೇ ಕೆಲ್ಸ ಮಾಡ್ದೆ ಕಣ್ಲಾ,” ಎಂದರು ಯಾರೋ. ಅವನು ಮೇಲೇರಿ ಬಂದ. ಶಿವರಾಜು ಮೂರು ಹಿಡಿ ಮಣ್ಣು ಹಾಕಿದ. ಹೆಂಟೆಯೊಂದು ಬಾಟಲಿಗೆ ಬಡಿದು ಠಣ್ಣೆಂದಿತು.

“ತಡೀರಿ,” ಎಂದಳು ಓಬಮ್ಮ. “ಬಾಟ್ಲಿ ಎತ್ಕೊಡಿ.”

ಗುದ್ದಲಿ ಹಿಡಿದವರು ನಿಂತರು. ಊರ ಹಿರೀಕ ದೊಡ್ಡಣ್ಣ ಕೋಲೂರಿಕೊಂಡು ಮುಂದೆ ಬಂದ. “ಸತ್ತೋರ್ಗೆ ಕೊಟ್ಟಿದ್ದನ್ನ ವಾಪಸ್ ಇಸ್ಕೋಬಾರ್ದು ಕಣಮ್ಮ. ಮನೆಗೆ ಒಳ್ಳೇದಲ್ಲ.”

“ದೊಡ್ಡಣ್ಣ, ಅದು ಬಸುರಿ. ಬಸುರೀನ ಯಾರಾದ್ರೂ ಸುಡುಗಾಡಿಗೆ ಕರ್ಕೊಂಡ್ ಬತ್ತಾರಾ?”

ದೊಡ್ಡಣ್ಣ ಗುಣಿಯೊಳಗೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಅವನ ಸೊಸೆಯೂ ಏಳು ತಿಂಗಳ ಬಸುರಿ. ಅವಳನ್ನು ಊರ ಬಾಗಿಲಲ್ಲೇ ಬಿಟ್ಟು ಬಂದಿದ್ದರು.

“ಅದೂ ಸರಿ ಅನ್ನು,” ಎಂದ. “ಎತ್ಕೊಡ್ಲಾ ಶಿವರಾಜ.”

ಶಿವರಾಜು ಇಳಿದ. ಎತ್ತುವಾಗ ರಬ್ಬರ್ ಬ್ಯಾಂಡು ಪಟ್ಟನೆ ಕಿತ್ತು, ಬಟ್ಟೆ ಜಾರಿ ಅಪ್ಪನ ಎದೆಯ ಮೇಲೆ ಬಿತ್ತು. ಜೇಡ ಬಿಲ್ಲೆಯ ಸಮೇತ ಸರಸರನೆ ಬಾಟಲಿಯ ಬಾಯಿಯತ್ತ ಏರತೊಡಗಿತು. ಶಿವರಾಜು ಕೈ ಬಿಡುವುದರಲ್ಲಿದ್ದ.

ಓಬಮ್ಮ ಗುಣಿಯ ಅಂಚಿನಲ್ಲಿ ಮಂಡಿಯೂರಿ ಬಾಟಲಿ ಕಸಿದುಕೊಂಡು, ಬಲಗೈ ಅಂಗೈಯಿಂದ ಅದರ ಬಾಯಿ ಮುಚ್ಚಿದಳು.

“ಬಟ್ಟೆ ತಕ್ಕೊಡ್ಲಾ ಅವ್ವ?”

“ಬ್ಯಾಡ. ಅದು ಅಪ್ಪಂಗೇ ಇರ್ಲಿ.”

ವಾಪಸಾಗುವಾಗ ಶಿವರಾಜು ಅವಳ ಪಕ್ಕದಲ್ಲೇ ನಡೆಯುತ್ತ, “ನಾನಾದ್ರೂ ಹಿಡ್ಕೋತೀನಿ ಕೊಡವ್ವ. ಆವತ್ತಿನಂಗೆ ಕೈಯೆಲ್ಲ ಗುಳ್ಳೆ ಏಳ್ತದೆ,” ಎಂದ.

“ಆ ಗುಳ್ಳೆ ಇವುಗಳದ್ದಲ್ಲ. ಡಾಕ್ಟ್ರು ಆವತ್ತೇ ಹೇಳಿದ್ರು ಕಣ್ಲಾ. ನಿಮ್ಮಪ್ಪಂಗೆ ನಾನೇ ಹೇಳ್ಲಿಲ್ಲ.”

ಶಿವರಾಜು ಬಾಟಲಿಗೆ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡ.

ಮನೆ ತೊಳೆದಾಗಿತ್ತು. ಗಂಗಯ್ಯ ಪ್ರಾಣ ಬಿಟ್ಟ ಜಾಗದಲ್ಲಿ ದೀಪ ಉರಿಯುತ್ತಿತ್ತು. ಮೊದಲೇ ಬಂದವರು ಕೈಕಾಲು ತೊಳೆದು, ಹೊಸ್ತಿಲಾಚೆಯಿಂದಲೇ ದೀಪ ನೋಡಿ ಹೊರಡುತ್ತಿದ್ದರು. ಉದ್ದನೆಯ ಗಳುವಿಗೆ ಪೊರಕೆ ಕಟ್ಟಿ ಗೋಡೆಗೆ ಒರಗಿಸಿತ್ತು.

“ಅಟ್ಟದ ಬಲೆ ಒಂದು ಹೊಡ್ಯದು ಉಳ್ಕೊಂಡದೆ ಅತ್ಗೆ,” ಎಂದಳು ಭೈರಮ್ಮ ನೀರಿನ ಚೊಂಬು ಎತ್ತಿಕೊಂಡು.

“ಅಟ್ಟ ಹಂಗೇ ಇರ್ಲಿ.”

ಭೈರಮ್ಮ ಅವಳ ಕಾಲಿಗೆ ನೀರು ಬಿಟ್ಟಳು. “ಕೈ ಒಡ್ಡಿ.”

ಓಬಮ್ಮ ಬಾಟಲಿಯನ್ನು ಎದೆಗೊತ್ತಿ ಹಿಡಿದು ಎಡಗೈ ಚಾಚಿದಳು. ಮಣ್ಣು ಕರಗಿ ಹರಿಯಿತು.

“ಆ ಕೈ?”

ಓಬಮ್ಮ ಬಲಗೈ ಕದಲಿಸಲಿಲ್ಲ. ಮಣ್ಣು ಮೆತ್ತಿದ ಆ ಅಂಗೈಗೆ ಕೆಳಗಿನಿಂದ ಜೇಡದ ನೂಲಿನೆಳೆಯಂಥ ಕಾಲುಗಳು ಒಂದೊಂದಾಗಿ ತಾಗುತ್ತಿದ್ದವು.